ಪ್ಲಾಸ್ಟಿಕ್ ಸ್ಯಾಟರ್ನ್ ಹಾರಿಸುವ ಮುನ್ನ

ಮಾನ್ಯ ಸಂಪಾದಕರೇ,

ಶೋಕೇಸಿನ ಪ್ಲಾಸ್ಟಿಕ್ ರಾಕೆಟ್‌ಗೆ ಮದ್ದು ಉರಿಸಿ ನೂಕುವ ರಾಕೆಟ್ ಮೋಟಾರ್ ತುರುಕಿದರೆ ಹಾರುತ್ತದೆ ಎಂಬ ನಂಬಿಕೆ ಅಪಾಯಕಾರಿ. 1:144 ಅಳತೆಯ ಸ್ಯಾಟರ್ನ್ 5 (ಮನುಷ್ಯರನ್ನು ಚಂದ್ರನತ್ತ ಒಯ್ದ ಅಮೆರಿಕದ ರಾಕೆಟ್ಟು) ಕಿಟ್ಟನ್ನೇ ನೋಡಿ. ಸುಮಾರು 77 ಸೆಂ.ಮೀ. ಎತ್ತರ, 7 ಸೆಂ.ಮೀ. ದಪ್ಪ. ಬುಡದ ರೆಕ್ಕೆಗಳೋ ತೀರಾ ಪುಟ್ಟವು. ಅಸಲಿ ರಾಕೆಟ್ಟು ಎಂಜಿನ್‌ಗಳನ್ನೇ ವಾಲಿಸಿ ದಿಕ್ಕು ಹಿಡಿಯುತ್ತಿತ್ತು. ಮಾದರಿಗೆ ಆ ಅನುಕೂಲವಿಲ್ಲ, ನೆಟ್ಟಗೆ ಹಾರದೆ ಪಲ್ಟಿ ಹೊಡೆಯುತ್ತದೆ. ಇದೇ ಮೊದಲ ಶತ್ರು. ಹಾಗಾಗಿ ದೊಡ್ಡ ಪಾರದರ್ಶಕ ಪಾಲಿಕಾರ್ಬೊನೇಟ್ ರೆಕ್ಕೆ ಅಂಟಿಸಿ, ಮೂತಿಯೊಳಗೆ ಭಾರ ತುಂಬಬೇಕು. ಗುರುತ್ವ ಕೇಂದ್ರವು (ರಾಕೆಟ್ಟು ತೂಗಿ ನಿಲ್ಲುವ ಬಿಂದು) ಗಾಳಿಯ ಒತ್ತಡ ಕೇಂದ್ರಕ್ಕಿಂತ (ಗಾಳಿಯ ಒಟ್ಟು ಬಲ ಬೀಳುವ ಬಿಂದು) ಕನಿಷ್ಠ 7 ಸೆಂ.ಮೀ. ಮುಂದಿರಲಿ. ಈ ಸಮತೋಲ ನೋಡುವಾಗ ಹೊಸ ಮೋಟಾರ್ ಒಳಗಿರಬೇಕು, ಬಾಲದ ಭಾರ ಅದರದೇ.

ಎರಡನೆಯ ಶತ್ರು ಶಾಖ. ಪ್ಯಾರಾಚೂಟ್ ಹೊರದಬ್ಬುವ ಮೋಟಾರಿನ ಬಿಸಿ ಅನಿಲ ತಾಗಿದರೆ ಕಿಟ್ಟಿನ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಮೆತ್ತಗಾಗಿ ಸೊಟ್ಟಗಾಗುತ್ತದೆ. 24 ಮಿ.ಮೀ. ಮೋಟಾರ್ ಹಿಡಿಯುವ ಕಾಗದದ ಕೊಳವೆಯನ್ನು ಬುಡದಿಂದ ಪ್ಯಾರಾಚೂಟ್ ಕೋಣೆವರೆಗೆ ಒಂದೇ ಸಮನೆ ಒಯ್ಯಿರಿ. ಆ ಕೋಣೆಗೂ ಕಾಗದದ ಒಳಪದರವಿರಲಿ. ಕಿಟ್ಟಿಗೆ ಬಳಸುವ ಪ್ಲಾಸ್ಟಿಕ್ ಸಿಮೆಂಟ್ ಅಂಟು ಕಾಗದವನ್ನು ಹಿಡಿಯದು, ಎಪಾಕ್ಸಿ ಅಂಟೇ ಬೇಕು. ಮೂತಿಯನ್ನೂ ಪ್ಯಾರಾಚೂಟನ್ನೂ ರಾಕೆಟ್ಟಿಗೆ ಕಟ್ಟುವ ಆಘಾತ ಹಗ್ಗ ಶಾಖ ತಾಳುವ ಕೆವ್ಲಾರ್‌ನದ್ದಾಗಿರಲಿ, ಅದನ್ನು ಮೋಟಾರ್ ಕೊಳವೆಗೇ ಕಟ್ಟಿ.

ಕಾರ್ಖಾನೆಯ ಡಿ12-3 ಎಂಬ 24 ಮಿ.ಮೀ. ಮೋಟಾರಿಗೆ ಒಟ್ಟು ತೂಕ 396 ಗ್ರಾಂ ದಾಟಬಾರದು. ದಾಟಿದರೆ ಉಡಾವಣೆಯ ಆಸರೆ ಕಂಬಿ ಬಿಡುವಾಗಲೇ ವೇಗ ಸಾಲದೆ ವಾಲುತ್ತದೆ. ಕಾರ್ಖಾನೆಯ ಮೋಟಾರ್ ಸಿಗದಿದ್ದರೆ ಪಟಾಕಿ ಮದ್ದು ತುಂಬುವ ಯೋಚನೆ ಖಂಡಿತ ಬೇಡ. ಅಂಥ ಮಾದರಿ ಶೋಕೇಸಿನಲ್ಲೇ ಇರಲಿ.

– ಮಾದರಿ ರಾಕೆಟ್ ಹವ್ಯಾಸಿಗಳು, ಬೆಂಗಳೂರು