ಕೋಳಿಮರಿಯ ಪೆಟ್ಟಿಗೆಗೊಂದು ಲಸಿಕೆ ಚೀಟಿ ಕೊಡಿಸಿ: ಪಶುಸಂಗೋಪನೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ, ಕೋಲಾರ ಜಿಲ್ಲೆಯ ಕೋಳಿ ಸಾಕಣೆದಾರನ ನಮಸ್ಕಾರಗಳು.

2,000 ಬ್ರಾಯ್ಲರ್ ಮರಿ ಬಿಡುವಷ್ಟು ದೊಡ್ಡ ಶೆಡ್ ನಮ್ಮದು. ಕಳೆದ ಬೇಸಿಗೆಯ ಬ್ಯಾಚಿನ 24ನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಕೋಳಿಗಳು ಪುಕ್ಕ ಕೆದರಿಕೊಂಡು ಮೂಲೆ ಸೇರಿದ್ದವು. ನೆಲಕ್ಕೆ ಹಾಸಿದ ಹೊಟ್ಟಿನ ಮೇಲೆಲ್ಲ ಸುಣ್ಣದ ನೀರಿನಂಥ ಹಿಕ್ಕೆ. ಪಶುವೈದ್ಯರು ಸತ್ತ ಒಂದನ್ನು ಕೊಯ್ದು ತೋರಿಸಿದರು. ತೊಡೆಯ ಮಾಂಸದಲ್ಲಿ ರಕ್ತದ ಗೆರೆಗಳು. ಗುದದ ಮೇಲ್ಭಾಗದಲ್ಲಿರುವ, ಮರಿಗೆ ರೋಗ ತಡೆಯುವ ಶಕ್ತಿ ಬೆಳೆಸುವ ಬರ್ಸಾ ಎಂಬ ಗಂಟು ಊದಿ, ಸುತ್ತ ಹಳದಿ ಲೋಳೆ ಕಟ್ಟಿತ್ತು. "ಗಂಬೋರೊ ರೋಗ. ಎರಡನೇ ವಾರದ ಲಸಿಕೆ ಹಾಕಿರಲಿಲ್ವಾ?" ಎಂದು ಕೇಳಿದರು.

ಹಾಕಿರಲಿಲ್ಲ. ಮರಿ ತಂದ ಏಜೆಂಟರು "ಮೊಟ್ಟೇಲೇ ಲಸಿಕೆ ಆಗಿದೆ, ನೀವೇನೂ ಹಾಕ್ಬೇಡಿ" ಅಂದಿದ್ದರು. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಹ್ಯಾಚರಿಗೆ ಫೋನ್ ಮಾಡಿದಾಗ ತಿಳಿಯಿತು, ಮೊಟ್ಟೆಯಲ್ಲಿ ಹಾಕಿದ್ದು ಮಾರೆಕ್ಸ್ ಎಂಬ ಬೇರೆ ರೋಗದ ಲಸಿಕೆ ಮಾತ್ರ. ಆರು ದಿನದಲ್ಲಿ 300ಕ್ಕೂ ಹೆಚ್ಚು ಕೋಳಿಗಳನ್ನು ಗುಂಡಿಗೆ ಹಾಕಿದೆವು.

ಮೊಟ್ಟೆಯಲ್ಲೇ ಲಸಿಕೆ ಕೊಡುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ 1990ರ ದಶಕದಿಂದ ಯಂತ್ರಗಳೇ ಈ ಕೆಲಸ ಮಾಡುತ್ತಿವೆ. 21 ದಿನದ ಕಾವಿನಲ್ಲಿ 18ನೇ ದಿನದ ಸುಮಾರಿಗೆ, ಕಾವು ಕೊಡುವ ಸೆಟ್ಟರ್ ಯಂತ್ರದಿಂದ ಮರಿ ಒಡೆದು ಬರುವ ಹ್ಯಾಚರ್ ಯಂತ್ರಕ್ಕೆ ಮೊಟ್ಟೆ ಸಾಗಿಸುವ ಹೊತ್ತಿನಲ್ಲಿ, ಅಗಲ ತುದಿಯಲ್ಲಿ ಸಣ್ಣ ತೂತು ಮಾಡಿ ಭ್ರೂಣದ ಸುತ್ತಲಿನ ದ್ರವಕ್ಕೆ ಲಸಿಕೆ ಬಿಡುತ್ತಾರೆ. ಮಾರೆಕ್ಸ್ ವೈರಸ್ಸು ಶೆಡ್ಡಿನ ಧೂಳಿನಲ್ಲೇ ಇರುತ್ತದೆ. ಮರಿ ಆ ಧೂಳಿಗೆ ಬೀಳುವ ಮೊದಲೇ ಅದರ ಮೈಯಲ್ಲಿ ರಕ್ಷಣೆ ಶುರುವಾಗಿರುವುದು ಸಣ್ಣ ಮಾತಲ್ಲ. ಒಂದೊಂದೇ ಮರಿ ಹಿಡಿದು ಚುಚ್ಚುವ ಗಾಬರಿಯೂ ತಪ್ಪುತ್ತದೆ.

ಆದರೆ ಇದು ತೂಕ ಬರಿಸುವ ಮದ್ದಲ್ಲ. ಹಾಗೆ ಹೇಳಿ ಮರಿಗೆ ಹೆಚ್ಚು ದರ ಕೇಳುವವರಿದ್ದಾರೆ. ರೋಗ ತಿಂದುಹಾಕುವ ತೂಕ ಉಳಿಯುತ್ತದೆ, ಅಷ್ಟೆ. 40 ದಿನದಲ್ಲಿ ಮಾರಾಟವಾಗುವ ಕೋಳಿ ಒಂದು ವಾರ ಮೇವು ಬಿಟ್ಟರೆ ನಮ್ಮ ಲೆಕ್ಕ ಮತ್ತೆ ಮೇಲೇಳುವುದಿಲ್ಲ. ಗಂಬೋರೊದಿಂದ ಬರ್ಸಾ ಹಾಳಾದ ಮರಿಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯೂ ಸರಿಯಾಗಿ ಹಿಡಿಯುವುದಿಲ್ಲ. ಮೊಟ್ಟೆಗೆ ಚುಚ್ಚುವ ಸೂಜಿ ಶುಚಿಯಾಗಿರದಿದ್ದರೆ ಅದೇ ತೂತಿನಿಂದ ಬೂಷ್ಟು ಒಳಹೊಕ್ಕು ಮೊದಲ ವಾರವೇ ಮರಿ ಉಸಿರುಕಟ್ಟಿ ಸಾಯಬಹುದು. ಇನ್ನೊಂದು ಅಪಾಯ: ಮೊಟ್ಟೆಯಲ್ಲೇ ಗಂಬೋರೊ ಲಸಿಕೆ ಆಗಿರುವುದು ತಿಳಿಯದೆ ನಾವು ನೀರಿನಲ್ಲಿ ಮತ್ತೆ ಜೀವಂತ ವೈರಸ್ಸಿರುವ ಕಟುವಾದ ಲಸಿಕೆ ಕೊಟ್ಟರೆ, ಅದರ ಪೆಟ್ಟೂ ಬರ್ಸಾಕ್ಕೇ.

ಅದಕ್ಕೇ ಕೇಳುತ್ತಿದ್ದೇನೆ. ರಾಜ್ಯದಲ್ಲಿ ಮಾರುವ ಪ್ರತಿ ಮರಿ ಪೆಟ್ಟಿಗೆಯ ಮೇಲೂ ಕನ್ನಡದ ಚೀಟಿ ಕಡ್ಡಾಯ ಮಾಡಿ. ಯಾವ ಲಸಿಕೆ, ಮೊಟ್ಟೆಯಲ್ಲಿ ಕೊಟ್ಟದ್ದೋ ಮರಿಗೆ ಕೊಟ್ಟದ್ದೋ, ತಾರೀಖು, ಲಸಿಕೆಯ ಬ್ಯಾಚ್ ನಂಬರು, ಮುಂದೆ ಫಾರಂನಲ್ಲಿ ಹಾಕಬೇಕಾದ್ದೇನು, ಇಷ್ಟು ಬರೆದಿದ್ದರೆ ಸಾಕು. ನಮೂನೆ ತಯಾರಿಸಲು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರನ್ನೇ ಕೇಳಿ. ನಮ್ಮ ಹಿತ್ತಿಲುಗಳಿಗೆ ಗಿರಿರಾಜ ಕೋಳಿ ಕೊಟ್ಟವರು ಅವರು.

ನನ್ನ ಶೆಡ್ಡಿಗೆ ಮುಂದಿನ ಮರಿ ಬರುವುದು ದಸರಾ ಕಳೆದ ಮೇಲೆ. ಅಷ್ಟರೊಳಗೆ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕೋಳಿ ಸಾಕಣೆದಾರ