ಹಬ್ಬದ ದಿನ ನಮ್ಮನ್ನು ಒಂಟಿ ಬಿಡದವರಿಗೆ

ಜರ್ಮನಿಯ ಚರ್ಚಿನಲ್ಲಿ ನಮ್ಮ ಯಜಮಾನರ ಸಭಾಸೇವೆಯ ಅವಧಿ ಮುಗಿದು ನಾವು ಧಾರವಾಡಕ್ಕೆ ವಾಪಸ್ ಬಂದಿದ್ದೇವೆ. ಮಕ್ಕಳು ಶಾಲೆಗೆ ಸೇರಿದ್ದಾರೆ. ಸಪ್ತಾಪುರದ ಮನೆಯಲ್ಲಿ ಸಾಮಾನು ಬಿಚ್ಚುವುದು ಇನ್ನೂ ಮುಗಿದಿಲ್ಲ. ಒಬ್ಬೊಬ್ಬರ ಮನೆಗೂ ಹೋಗಿ ಕೈಹಿಡಿದು ಹೇಳಬೇಕಾದ ಥ್ಯಾಂಕ್ಸ್ ಇದು. ಆದರೆ ಕೆಲವರು ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ, ಕೆಲವರು ಗದಗ-ಬೆಟಗೇರಿಯಲ್ಲಿ, ಇನ್ನು ಕೆಲವರು ನಮ್ಮ ಓಣಿಯಲ್ಲೇ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮಿಷನರಿ ಅಂದರೆ ನಮ್ಮ ಕಡೆ ಜನಕ್ಕೆ ನೆನಪಾಗುವುದು ಅಲ್ಲಿಂದ ಇಲ್ಲಿಗೆ ಬಂದವರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ ಬಂದರು, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ. ಅವರಲ್ಲಿ ಬಹಳ ಮಂದಿ ಜರ್ಮನಿಯ ಸ್ಟುಟ್‌ಗಾರ್ಟ್ ಸುತ್ತಲಿನ ವ್ಯುರ್ಟೆಂಬರ್ಗ್ ಸೀಮೆಯವರು. ನಾವು ಹೋಗಿ ನೆಲೆಸಿದ್ದೂ ಅದೇ ಸೀಮೆಯಲ್ಲಿ. ನನ್ನ ತವರು ಬೆಟಗೇರಿ. ಅಲ್ಲಿನ ಮಿಷನ್ ಆಸ್ಪತ್ರೆಗೆ ಜನ ಈಗಲೂ ಜರ್ಮನ್ ಆಸ್ಪತ್ರೆ ಅಂತಲೇ ಅನ್ನುತ್ತಾರೆ. ಇಲ್ಲಿಂದ ಹೊರಡುವಾಗ, ಅವರು ನಮಗೆ ಕೊಟ್ಟಿದ್ದರಲ್ಲಿ ಸ್ವಲ್ಪವಾದರೂ ತೀರಿಸಿ ಬರೋಣ ಅಂತ ಹೊರಟೆವು. ಹಬ್ಬ ಬಂದಾಗಲೆಲ್ಲ ತೆಗೆದುಕೊಂಡವರು ಮತ್ತೆ ನಾವೇ.

ಮೊದಲ ಡಿಸೆಂಬರ್ ನನಗೆ ಬಹಳ ಕಷ್ಟವಾಯಿತು. ನಾಲ್ಕೂವರೆಗೆಲ್ಲ ಕತ್ತಲು. ನಮ್ಮಲ್ಲಿ ಕ್ರಿಸ್ಮಸ್ ಅಂದರೆ ಬೀದಿಗೆ ಬರುವ ಹಬ್ಬ, ಅಲ್ವಾ? ರಾತ್ರಿ ಎಲ್ಲ ಕ್ಯಾರಲ್ ಹಾಡುತ್ತಾ ಮನೆಮನೆಗೆ ಹೋಗುವುದು, ಓಣಿ ತುಂಬ ಫರಾಳದ ತಟ್ಟೆ ಹಂಚುವುದು. ಅಲ್ಲಿ 24ರ ಮಧ್ಯಾಹ್ನ ಅಂಗಡಿ ಮುಚ್ಚಿದರೆ ಎಲ್ಲರೂ ಅವರವರ ಮನೆಯೊಳಗೆ. ಆ ಸಂಜೆ ಮನೆಯವರದೇ. ಹೊರಗಿನವರನ್ನು ಕರೆಯುವುದು ಕಡಿಮೆ.

ನಮ್ಮ ಮೇಲಿನ ಮನೆಯ ಅಜ್ಜ ಅಜ್ಜಿ ನಮ್ಮನ್ನು ಕರೆದರು. ಅದಕ್ಕೂ ಮೊದಲೇ, ಅಡ್ವೆಂಟ್, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ, ಶುರುವಾಗುವ ಮುಂಚೆ, ಅಜ್ಜಿ ಹಸಿರು ಟೊಂಗೆ ಸುತ್ತಿ ನಾಲ್ಕು ಮೇಣದಬತ್ತಿ ನಿಲ್ಲಿಸಿದ ಬಳೆ ತಂದುಕೊಟ್ಟು, ಭಾನುವಾರಕ್ಕೆ ಒಂದೊಂದು ಹಚ್ಚಬೇಕು ಅಂತ ಮಕ್ಕಳಿಗೆ ತೋರಿಸಿದ್ದರು. ಡಿಸೆಂಬರ್ 5ರ ರಾತ್ರಿ ಬೂಟು ತೊಳೆದು ಬಾಗಿಲ ಹೊರಗಿಡಿ ಅಂದರು. ಮರುದಿನ ಸಂತ ನಿಕೊಲಸರ ಹಬ್ಬ. ಬೆಳಿಗ್ಗೆ ಬಾಗಿಲು ತೆರೆದ ನನ್ನ ಮಗ "ಅಮ್ಮಾ, ಶೇಂಗಾ!" ಅಂತ ಕೂಗಿಕೊಂಡ. ಬೂಟಿನ ತುಂಬ ಸಿಪ್ಪೆ ಸಮೇತ ಹುರಿದ ಶೇಂಗಾ, ಸಣ್ಣ ಕಿತ್ತಳೆ, ಚಾಕೊಲೇಟು. ಅಲ್ಲಿ ಹಾಗೇ ಇಡುವ ಪದ್ಧತಿ. ನಮಗೆ ಮಾತ್ರ ಗದಗಿನ ಸಂತೆಯಿಂದ ಯಾರೋ ಕಳಿಸಿದ ಹಾಗೆ ಅನ್ನಿಸಿತು. 24ರ ಸಂಜೆ ಅವರ ಮನೆಯಲ್ಲಿ ಆಲೂಗಡ್ಡೆ ಸಲಾಡು, ಸಾಸೇಜು ಉಂಡೆವು. ಆ ಸೀಮೆಯಲ್ಲಿ ಬಹಳ ಮನೆಗಳಲ್ಲಿ ಆ ರಾತ್ರಿ ಅದೇ ಊಟ. ಅಜ್ಜನಿಗೆ ಕನ್ನಡ ಕೀರ್ತನೆ ಕೇಳಬೇಕಿತ್ತು. ಹಾಡಿದೆವು. ರಾಗ ಅವರಿಗೂ ಗೊತ್ತಿತ್ತು, ಅವರ ಮಾತಿನಲ್ಲಿ ಅವರೂ ದನಿ ಕೂಡಿಸಿದರು.

ಎರಡನೇ ವರ್ಷ ಮಾವನವರು ಧಾರವಾಡದಲ್ಲಿ ತೀರಿಕೊಂಡರು. ಯಜಮಾನರು ಒಬ್ಬರೇ ಬಂದು ಮಣ್ಣು ಮಾಡಿ ಹೋದರು. ನಾನು, ಮಕ್ಕಳು ಅಲ್ಲೇ ಉಳಿದೆವು. ಕೊನೆಗೊಮ್ಮೆ ಮುಖ ನೋಡಲಿಲ್ಲ ಅನ್ನುವ ಸಂಕಟ ಈಗಲೂ ಇದೆ.

ಅಡ್ವೆಂಟ್‌ಗೆ ಮುಂಚಿನ ಭಾನುವಾರ ಅಲ್ಲಿನ ಚರ್ಚುಗಳಲ್ಲಿ ಆ ವರ್ಷ ತೀರಿಕೊಂಡವರ ಹೆಸರು ಓದಿ, ಒಬ್ಬೊಬ್ಬರಿಗೂ ಒಂದು ಮೇಣದಬತ್ತಿ ಹಚ್ಚುತ್ತಾರೆ. ಶನಿವಾರ ರಾತ್ರಿ ನಮ್ಮ ಸಭಾಪಾಲಕಿ ಫೋನ್ ಮಾಡಿದರು. ಮಾವನವರ ಹೆಸರು ಸರಿಯಾಗಿ ಹೇಳಿಕೊಡಿ ಅಂದರು. ನಾನು ಹೇಳಿದೆ, ಅವರು ಹೇಳಿದರು, ತಪ್ಪಿತು, ಮತ್ತೆ ಹೇಳಿದರು. ಊರಿನ ಹೆಸರು, ಮನೆತನದ ಹೆಸರು ಯಾವುದನ್ನೂ ಬಿಡಲಿಲ್ಲ. ಮರುದಿನ ಆ ಊರಿನ ಸತ್ತವರ ಹೆಸರಿನ ನಡುವೆ ನಮ್ಮ ಮಾವನ ಹೆಸರು ಸ್ಪಷ್ಟವಾಗಿ ಕೇಳಿಸಿತು. ಮಗಳು ಹೋಗಿ ಬತ್ತಿ ಹಚ್ಚಿದಳು. ಆ ಸಭೆಯಲ್ಲಿ ಒಬ್ಬರೂ ಮಾವನ ಮುಖ ನೋಡಿದವರಲ್ಲ. ಆದರೂ ಎಲ್ಲರೂ ಎದ್ದು ನಿಂತಿದ್ದರು. ಆ ಹೆಣ್ಣುಮಗಳಿಗೆ ನಾನು ಯಾವ ಭಾಷೆಯಲ್ಲಿ ಥ್ಯಾಂಕ್ಸ್ ಹೇಳಿದರೂ ಕಡಿಮೆಯೇ.

ಆ ಕ್ರಿಸ್ಮಸ್‌ಗೆ ಏನೂ ಮಾಡುವುದು ಬೇಡ ಅಂತ ಸುಮ್ನೆ ಕೂತಿದ್ದೆ. ಉಣಕಲ್ ಕಡೆಯ ಒಂದು ಕುಟುಂಬ ಅಲ್ಲೇ ಕಾರು ಕಂಪನಿ ಕೆಲಸಕ್ಕೆ ಬಂದಿತ್ತು. ಲಿಂಗಾಯತರ ಮನೆ. ಸಂಕ್ರಾಂತಿಗೆ ನಮಗೆ ಸಜ್ಜಿ ರೊಟ್ಟಿ, ಕುಸುರೆಳ್ಳು ಕೊಟ್ಟವರು ಅವರೇ. ಆ ವೈನಿ ರವೆ, ಎಣ್ಣೆ ಹೊತ್ತುಕೊಂಡು ಬಂದು, "ಸಣ್ಣವಳಿದ್ದಾಗ ಪ್ರತಿ ಕ್ರಿಸ್ಮಸ್ಸಿಗೆ ಬಾಜೂ ಮನಿಯಿಂದ ನಮಗ ಕರ್ಚಿಕಾಯಿ ಬರ್ತಿತ್ರಿ ಅಕ್ಕಾರ. ಈ ಸಲ ನಾವು ಮಾಡೂಣು" ಅಂದರು. ಒಣ ಕೊಬ್ಬರಿ ಸಿಗಲಿಲ್ಲ. ಅಂಗಡಿಯ ತೆಂಗಿನಕಾಯಿ ಪುಡಿಯನ್ನೇ ಹುರಿದು ಪುಟಾಣಿ, ಗಸಗಸೆ, ಸಕ್ಕರೆ ಕೂಡಿಸಿದೆವು. ಅಂಚು ಕತ್ತರಿಸುವ ಚಕ್ರ ಇರಲಿಲ್ಲ. ಮೇಲಿನ ಮನೆಯ ಅಜ್ಜಿ ಬಂದು ಫೋರ್ಕಿನ ತುದಿಯಿಂದ ಒತ್ತಿ ಒತ್ತಿ ಅಂಚು ಮುಚ್ಚಿದರು. ಎಣ್ಣೆಯಲ್ಲಿ ಒಂದೂ ಒಡೆಯಲಿಲ್ಲ. ಆ ಅಡುಗೆಮನೆಯಲ್ಲಿ ನಾನು ಅತ್ತಿದ್ದು, ವೈನಿ ಕಣ್ಣೊರೆಸಿ ಲಟ್ಟಣಿಗೆ ಕೈಗೆ ಕೊಟ್ಟಿದ್ದು, ಅಷ್ಟೂ ನೆನಪಿದೆ.

ಇತ್ತ ಧಾರವಾಡದಲ್ಲಿ ಅತ್ತೆ ಒಬ್ಬರೇ ಇದ್ದರು. ಸಾವಿನ ಮನೆ ಅಂತ ನಕ್ಷತ್ರ ಕಟ್ಟಿರಲಿಲ್ಲ. ಕ್ಯಾರಲ್ ಹುಡುಗರು ಗೇಟಿನ ಹೊರಗೇ ನಿಂತು, ಡ್ರಮ್ ಬಾರಿಸದೆ, ಮಾವನಿಗೆ ಇಷ್ಟವಾದ ಒಂದೇ ಹಾಡು ಹಾಡಿ ಹೋದರಂತೆ. ಹಬ್ಬದ ದಿನ ಎದುರು ಮನೆಯ ಮುಸ್ಲಿಂ ಕಾಕಾ ಅವರ ಮನೆಯಿಂದ ಊಟ ಬಂತು. ಪಕ್ಕದ ಮನೆಯ ಕಾಕು ರಾತ್ರಿ ಅತ್ತೆ ಜೊತೆ ಮಲಗಲು ಬಂದವರು ಹೊಸ ವರ್ಷದವರೆಗೂ ಬಿಟ್ಟುಹೋಗಲಿಲ್ಲ. ಬೆಟಗೇರಿಯಿಂದ ನನ್ನ ತಮ್ಮ, ಅವನ ಹೆಂಡತಿ ವಾರಕ್ಕೊಮ್ಮೆ ಬಂದು ಹೋದರು. ನಾವು ದೂರದಲ್ಲಿದ್ದು ನಿದ್ದೆ ಮಾಡಿದ್ದು ನಿಮ್ಮಿಂದ.

ಈಸ್ಟರ್‌ಗಳೂ ಚೆನ್ನಾಗಿಯೇ ಆದವು. ಈರುಳ್ಳಿ ಸಿಪ್ಪೆ ಹಾಕಿ ಮೊಟ್ಟೆ ಕುದಿಸಿದರೆ ಎಂಥ ಕೆಂಪು ಬಣ್ಣ ಬರುತ್ತದೆ ಅಂತ ಮಕ್ಕಳು ಈಗ ಓಣಿಗೆಲ್ಲ ಹೇಳುತ್ತಿದ್ದಾರೆ. ಈಸ್ಟರ್ ಸೋಮವಾರವೂ ಅಲ್ಲಿ ರಜೆ. ಅಂಥ ಒಂದು ರಜೆಯಲ್ಲಿ ಅಜ್ಜ ನಮ್ಮನ್ನು ಟ್ಯೂಬಿಂಗನ್‌ಗೆ ಕರೆದುಕೊಂಡು ಹೋದರು. ಕಿಟೆಲ್ ಅವರು 1903ರಲ್ಲಿ ಕಣ್ಣು ಮುಚ್ಚಿದ ಊರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿನ ಮುಂದೆ ಓಡಾಡಿಕೊಂಡಿದ್ದ ನಾನು ಅವರ ಊರಿನ ಬೀದಿಯಲ್ಲಿ ನಡೆದೆ. ಕನ್ನಡಕ್ಕೆ ನಿಘಂಟು ಮಾಡಿಕೊಟ್ಟವರು ಇವರು ಅಂತ ಅಜ್ಜನಿಗೆ ವಿವರಿಸಿ ಹೇಳುವಾಗ ನನಗೆ ಬಹಳ ಹೆಮ್ಮೆಯಾಯಿತು.

ಈ ಡಿಸೆಂಬರ್‌ಗೆ ಆ ಅಜ್ಜ ಅಜ್ಜಿ ಧಾರವಾಡಕ್ಕೆ ಬರುತ್ತಿದ್ದಾರೆ. ಉಣಕಲ್ ವೈನಿಯೂ ರಜೆಗೆ ಊರಲ್ಲೇ ಇರುತ್ತಾರೆ. ಅಜ್ಜಿಗೆ ಖಾರ ಆಗುವುದಿಲ್ಲ, ಅಷ್ಟು ಬಿಟ್ಟರೆ ಎಲ್ಲ ತಿನ್ನುತ್ತಾರೆ. 25ರ ಮಧ್ಯಾಹ್ನದ ಮೇಲೆ ನಿಮ್ಮೆಲ್ಲರ ದಾರಿ ನೋಡುತ್ತಿರುತ್ತೇವೆ. ಬೆಟಗೇರಿಯವರು ರಾತ್ರಿ ಉಳಿಯುವ ಹಾಗೇ ಬನ್ನಿ. ಕ್ಯಾರಲ್ ಹುಡುಗರೇ, ಈ ಸಲ ಗೇಟು ದಾಟಿ ಒಳಗೆ ಬನ್ನಿ. ಡ್ರಮ್ ತರುವುದನ್ನು ಮರೆಯಬೇಡಿ.