ಕದ್ದವರ ಮಾತು ನಂಬಿ ನನ್ನ ಲೇಖನ ತೆಗೆದಿದ್ದೀರಿ

ಗ್ರಾಹಕ ದೂರು ವಿಭಾಗಕ್ಕೆ,

ವಿಷಯ: ಸುಳ್ಳು ಕಾಪಿರೈಟ್ ನೋಟಿಸ್ ಮೇಲೆ ಲೇಖನ ತೆಗೆದದ್ದು, ಅದು ಸುಳ್ಳು ಎಂದು ನಾನು ಕಳಿಸಿದ ಕೌಂಟರ್ ನೋಟಿಸ್‌ಗೆ (ಪ್ರತಿ ನೋಟಿಸ್‌ಗೆ) ಉತ್ತರ ಕೊಡದೇ ಇರುವುದು

ಮಾನ್ಯರೇ,

ಆರು ವರ್ಷದಿಂದ ನನ್ನ ವೆಬ್‌ಸೈಟ್ ನಿಮ್ಮ ಸರ್ವರ್‌ನಲ್ಲಿದೆ. ಕೆಲಸ ಕೊಡಿಸುತ್ತೇವೆ ಅಂತ ದುಡ್ಡು ಕಟ್ಟಿಸಿಕೊಂಡು ಕೈಕೊಡುವ ಒಂದು ಸಂಸ್ಥೆಯ ಬಗ್ಗೆ ಎರಡು ವರ್ಷದ ಹಿಂದೆ ಅದರಲ್ಲಿ ಬರೆದಿದ್ದೆ. ದುಡ್ಡು ಕಳೆದುಕೊಂಡವರನ್ನು ಮಾತಾಡಿಸಿ, ಅವರ ರಸೀದಿಗಳನ್ನು ನೋಡಿ ಬರೆದದ್ದು. ಒಂದೂವರೆ ತಿಂಗಳ ಹಿಂದೆ ನೀವು ಆ ಪುಟ ತೆಗೆದಿರಿ. 'ಮೂಲ ಲೇಖಕರಿಂದ' ಕಾಪಿರೈಟ್ ನೋಟಿಸ್ ಬಂದಿದೆ ಎಂದು ಮೇಲ್ ಕಳಿಸಿದಿರಿ.

ಆ 'ಮೂಲ' ಯಾವುದು ಅಂತ ನೋಡಿದೆ. ಬೇರೊಂದು ವೆಬ್‌ಸೈಟ್‌ನಲ್ಲಿ ನನ್ನ ಲೇಖನವನ್ನೇ ಅಕ್ಷರ ಬಿಡದೆ ಅಂಟಿಸಿದ್ದಾರೆ. ನಾನು ಬಿಟ್ಟಿದ್ದ ಕಾಗುಣಿತದ ತಪ್ಪೂ ಅಲ್ಲಿದೆ. ತಾರೀಖು ಮಾತ್ರ ನನ್ನದಕ್ಕಿಂತ ಒಂದು ದಿನ ಹಿಂದಿನದು. ಪುಟದ ಮೇಲೆ ಯಾವ ತಾರೀಖು ಬೇಕಾದರೂ ಹಾಕಿಕೊಳ್ಳಬಹುದು, ಅಲ್ವಾ? ಆದರೆ ಡೊಮೈನ್ (ವೆಬ್‌ಸೈಟ್ ವಿಳಾಸ) ನೋಂದಣಿಯ ತಾರೀಖನ್ನು ಹಾಗೆ ಬದಲಿಸಲು ಆಗುವುದಿಲ್ಲ. ಆ ಡೊಮೈನ್ ನೋಂದಣಿಯಾದದ್ದು ನಿಮಗೆ ನೋಟಿಸ್ ಬರುವ 9 ದಿನ ಮುಂಚೆ. ಎರಡು ನಿಮಿಷದ ಹುಡುಕಾಟ ಸಾಕಿತ್ತು. ನನ್ನ ಪುಟದ ಹಳೆಯ ಪ್ರತಿ, ವೆಬ್ ಪುಟಗಳ ಪ್ರತಿ ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಎರಡು ವರ್ಷದಿಂದ ಇದೆ.

ನೋಟಿಸ್ ವ್ಯವಸ್ಥೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ನನ್ನ ಫೋಟೊಗಳನ್ನು ಯಾರೋ ಎತ್ತಿಕೊಂಡಾಗ ನಾನೂ ಒಮ್ಮೆ ನೋಟಿಸ್ ಕಳಿಸಿದ್ದೇನೆ. ನ್ಯಾಯ ಸಿಕ್ಕಿತ್ತು. ಅದಕ್ಕೇ ಈಗ ಜಾಸ್ತಿ ನೋವು.

ನಿಮ್ಮ ನಿಯಮಗಳಲ್ಲಿ ಅಮೆರಿಕದ 1998ರ ಡಿಎಂಸಿಎ (ಡಿಜಿಟಲ್ ಕಾಪಿರೈಟ್) ಕಾಯ್ದೆಯನ್ನು ಪಾಲಿಸುತ್ತೇವೆ ಎಂದಿದ್ದೀರಿ. ಅದರ 512ನೇ ಸೆಕ್ಷನ್ ಪ್ರಕಾರ, ಕೌಂಟರ್ ನೋಟಿಸ್ ಬಂದ ಮೇಲೆ ದೂರು ಕೊಟ್ಟವರು ಕೋರ್ಟಿಗೆ ಹೋಗದಿದ್ದರೆ, 10ರಿಂದ 14 ಕೆಲಸದ ದಿನಗಳೊಳಗೆ ಪುಟವನ್ನು ವಾಪಸ್ ಹಾಕಬೇಕು. ನಾನು ಕೌಂಟರ್ ನೋಟಿಸ್ ಕಳಿಸಿ 25 ಕೆಲಸದ ದಿನಗಳಾದವು. ಕೇಸಿನ ಸುದ್ದಿಯಿಲ್ಲ, ನಿಮ್ಮ ಉತ್ತರವೂ ಇಲ್ಲ. ಕೌಂಟರ್ ನೋಟಿಸ್‌ನಲ್ಲಿ ನನ್ನ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಬರೆಯಬೇಕಾಯಿತು. ಅದರ ಪ್ರತಿ ಎದುರು ಪಕ್ಷಕ್ಕೆ ಹೋಗುತ್ತದೆ. ವಂಚಕರ ಬಗ್ಗೆ ಬರೆದವರಿಗೆ ಇದು ಸಣ್ಣ ಭಯವಲ್ಲ. ಆ ಭಯ ನುಂಗಿಕೊಂಡೇ ಸಹಿ ಹಾಕಿದೆ. ಇಷ್ಟಾದರೂ, ಇಂಥ ಮೂರು ನೋಟಿಸ್ ಬಂದರೆ ಖಾತೆ ಮುಚ್ಚುತ್ತೇವೆ ಎಂದು ನನಗೇ ಎಚ್ಚರಿಕೆ ಕೊಟ್ಟಿದ್ದೀರಿ.

ಹೋದ ವಾರ ಒಬ್ಬರು ಮೇಲ್ ಮಾಡಿದ್ದರು. ಅದೇ ಸಂಸ್ಥೆಗೆ ದುಡ್ಡು ಕಟ್ಟಿದ್ದಾರೆ. ಕಟ್ಟುವ ಮುಂಚೆ ಹುಡುಕಿದೆ, ಎಲ್ಲೂ ಏನೂ ಸಿಗಲಿಲ್ಲ ಎಂದರು. ನನ್ನ ಪುಟ ಇದ್ದಿದ್ದರೆ ಸಿಗುತ್ತಿತ್ತು.

ದಯವಿಟ್ಟು ಲೇಖನವನ್ನು ತಕ್ಷಣ ವಾಪಸ್ ಹಾಕಿ. ನನ್ನ ಖಾತೆಯ ಮೇಲಿರುವ ಎಚ್ಚರಿಕೆಯನ್ನು ತೆಗೆಯಿರಿ. ಬಂದ ನೋಟಿಸ್‌ನ ಪೂರ್ತಿ ಪ್ರತಿ ನನಗೆ ಕೊಡಿ. ಗೊತ್ತಿದ್ದೂ ಸುಳ್ಳು ಹೇಳಿದವರಿಂದ ಪರಿಹಾರ ಕೇಳಲು ಅದೇ ಸೆಕ್ಷನ್‌ನಲ್ಲಿ ಅವಕಾಶವಿದೆ, ನಾನು ಕೇಳುವವನಿದ್ದೇನೆ. ಡೊಮೈನ್ ವಿವರ, ಆರ್ಕೈವ್ ಪ್ರತಿ, ಕೌಂಟರ್ ನೋಟಿಸ್ ಮೂರನ್ನೂ ಲಗತ್ತಿಸಿದ್ದೇನೆ. ಯಂತ್ರದ ಉತ್ತರ ಬೇಡ, ಇವನ್ನು ಓದಿದ ಒಬ್ಬ ಮನುಷ್ಯರಿಂದ ಉತ್ತರ ಬೇಕು.

ಇಂತಿ,
ನಿಮ್ಮ ಗ್ರಾಹಕ